ಇಲ್ಲದ ಯಂತ್ರದಿಂದ ಕಥೆ ಕಟ್ಟುವ ಬಗೆ

ವೈಜ್ಞಾನಿಕ ಕಥೆ ಬರೆಯಹೊರಟ ಅನೇಕರು ಮೊದಲ ನಾಲ್ಕು ಪುಟ ಯಂತ್ರದ ವರ್ಣನೆಗೇ ಕೊಡುತ್ತಾರೆ. ಯಂತ್ರ ಚೆನ್ನಾಗಿರುತ್ತದೆ, ಕಥೆ ಮಾತ್ರ ಹುಟ್ಟಿರುವುದಿಲ್ಲ. ಯಂತ್ರ ಬಂದದ್ದರಿಂದ ಯಾರ ನಡುವೆ ಏನು ಬದಲಾಯಿತು ಎಂಬುದು ಸಿಗುವವರೆಗೆ ಬರೆಯಲು ಕೂರಬೇಡಿ.

3000 ಪದಗಳ ಕಥೆಗೆ ಒಂದೇ ಹೊಸ ಯಂತ್ರ ಸಾಕು. ಎರಡು ತಂದರೆ ಯಾವುದರಿಂದ ಏನಾಯಿತೆಂದು ಓದುಗರಿಗೆ ತಿಳಿಯುವುದಿಲ್ಲ. ಬೇಡದ ಸದ್ದನ್ನು ಸೋಸಿಬಿಡುವ, ಕಿವಿಯೊಳಗೆ ಕೂರುವ ಒಂದು ಉಪಕರಣ ಎಂದಿಟ್ಟುಕೊಳ್ಳಿ. ಮೊದಲು ಅದರ ಮಿತಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಬೆಲೆ ಎಷ್ಟು ತಿಂಗಳ ಸಂಬಳ, ಚಾರ್ಜ್ ಎಷ್ಟು ಗಂಟೆ ನಿಲ್ಲುತ್ತದೆ, ಕೆಟ್ಟರೆ ರಿಪೇರಿ ಯಾರದು, ಸಾಫ್ಟ್‌ವೇರ್ ಯಾರ ಹಿಡಿತದಲ್ಲಿದೆ. ಮಿತಿಯಿಲ್ಲದ ಯಂತ್ರ ಎಲ್ಲ ತೊಡಕನ್ನೂ ತಾನೇ ಬಿಡಿಸಿಬಿಡುತ್ತದೆ; ಕಥೆ ಅರ್ಧದಲ್ಲೇ ಸಡಿಲವಾಗುತ್ತದೆ.

ಆಮೇಲೆ ಪರಿಣಾಮಗಳನ್ನು ಮೂರು ಸುತ್ತಿನಲ್ಲಿ ಹಿಡಿಯಿರಿ. ಮೊದಲ ಸುತ್ತು ಕೊಂಡವರದು: ಒಳ್ಳೆಯ ನಿದ್ದೆ. ಎರಡನೆಯದು ಅಕ್ಕಪಕ್ಕದವರದು: ಬೀದಿಯಲ್ಲಿ ಕೂಗಿ ಮಾರುವವಳ ದನಿ ಯಾರಿಗೂ ಕೇಳುತ್ತಿಲ್ಲ; ಕೇಳಿಸಬೇಕಾದರೆ ಅವಳು ಕಂಪನಿಗೆ ಹಣ ಕಟ್ಟಬೇಕು. ಮೂರನೆಯದು ಕಾನೂನಿನದು: ಸೋಸಬಾರದ ಸದ್ದುಗಳ ಪಟ್ಟಿ ತಯಾರಾಗುತ್ತದೆ. ಆಂಬುಲೆನ್ಸಿನ ಸೈರನ್ ಅದರಲ್ಲಿರುತ್ತದೆ. ಪ್ರತಿಭಟನೆಯ ಘೋಷಣೆ? ಮೊದಲ ಸುತ್ತಿನಲ್ಲೇ ನಿಂತ ಬರಹ ಜಾಹೀರಾತಿನಂತೆ ಓದಿಸಿಕೊಳ್ಳುತ್ತದೆ.

ಇಂಥ ಪರಿಣಾಮಗಳು ಹೊಳೆಯದಿದ್ದರೆ ಇತಿಹಾಸ ನೋಡಿ. ಲಿಫ್ಟ್ ಬರುವ ಮುನ್ನ ಮೆಟ್ಟಿಲು ಹತ್ತಿ ಸುಸ್ತಾಗುವ ಮೇಲಿನ ಅಂತಸ್ತುಗಳಿಗೆ ಬಾಡಿಗೆ ಕಡಿಮೆ ಇತ್ತು. ಬಂದ ಮೇಲೆ ಅವೇ ದುಬಾರಿಯಾದವು. ಅಮೆರಿಕದ ರೈಲ್ವೆ ಕಂಪನಿಗಳು ಊರಿಗೊಂದು ಗಡಿಯಾರದ ಪದ್ಧತಿ ಬಿಟ್ಟು, ವಲಯಕ್ಕೊಂದು ಸಮಯವನ್ನು ಜಾರಿಗೆ ತಂದದ್ದು 1883ರ ನವೆಂಬರ್ 18ರಂದು. ದೇಶದ ಕಾನೂನು ಅದನ್ನು ಒಪ್ಪಿದ್ದು 1918ರಲ್ಲಿ. ಬಳಕೆ ಬಂದು ಕಾನೂನು ಇನ್ನೂ ಬಾರದ ಇಂಥ ಅವಧಿಯೇ ಕಥೆಗೆ ಅತ್ಯಂತ ಫಲವತ್ತಾದ ಕಾಲ, ಏಕೆಂದರೆ ಸರಿ ಯಾವುದೆಂದು ಪ್ರತಿಯೊಬ್ಬರೂ ತಾವೇ ನಿರ್ಧರಿಸಬೇಕಾಗುತ್ತದೆ.

ಮುಖ್ಯ ಪಾತ್ರವಾಗಿ ಸಂಶೋಧಕನನ್ನು ತರದಿರುವುದೇ ಮೇಲು. ಅವನಿಗೆ ಎಲ್ಲವೂ ಗೊತ್ತಿರುವುದರಿಂದ ಭಾಷಣ ಶುರುವಾಗುತ್ತದೆ. ಕೂಗಿ ಮಾರುವವಳು, ರಿಪೇರಿಯವನು, ಪಟ್ಟಿಗೆ ಸದ್ದು ಸೇರಿಸುವ ಗುಮಾಸ್ತೆ, ಇವರಲ್ಲಿ ಕಳೆದುಕೊಳ್ಳಲು ಹೆಚ್ಚು ಇರುವವರನ್ನು ಆರಿಸಿ.

ಮೊದಲ 500 ಪದಗಳಲ್ಲಿ ಯಂತ್ರದ ವಿವರಣೆ ಮೂರು ವಾಕ್ಯ ಮೀರದಿರಲಿ. ದಿನಾ ಬಳಸುವ ವಸ್ತುವನ್ನು ಯಾರೂ ಪರಸ್ಪರ ವಿವರಿಸುವುದಿಲ್ಲ. ‘ನಿನಗೇ ಗೊತ್ತಲ್ಲ’ ಎಂದು ಆರಂಭವಾಗುವ ಸಂಭಾಷಣೆಯನ್ನೆಲ್ಲ ಹೊಡೆದುಹಾಕಿ. ಬದಲಿಗೆ ಯಂತ್ರ ಕೈಕೊಡುವ ದೃಶ್ಯ ಬರೆಯಿರಿ: ಚಾರ್ಜ್ ಮುಗಿದು ಬೀದಿಯ ಸದ್ದೆಲ್ಲ ಒಮ್ಮೆಗೇ ನುಗ್ಗಿದಾಗ ಅದು ಏನು ಮಾಡುತ್ತಿತ್ತೆಂದು ತಾನಾಗಿ ತಿಳಿಯುತ್ತದೆ.

ಕರಡು ಮುಗಿದ ಮೇಲೆ ಯಂತ್ರವನ್ನು ತೆಗೆದು ಓದಿ. ಕಥೆ ಹಾಗೆಯೇ ನಿಂತರೆ ಯಂತ್ರ ಬರೀ ಅಲಂಕಾರವಾಗಿತ್ತು. ಎರಡನೆಯ ಸುತ್ತಿಗೆ ಮರಳಿ. ಕೊನೆಯಲ್ಲಿ ಯಂತ್ರವನ್ನು ಒಡೆದುಹಾಕಿ ಮುಗಿಸಬೇಡಿ. ಅದು ಉಳಿದೇ ಇರಲಿ, ಅದರೊಡನೆ ಬದುಕುವ ಕರಾರು ಬದಲಾಗಲಿ.