ಪಾಲಕ್ ರಸದಿಂದ ಮಿದುಳಿನ ಗಡ್ಡೆವರೆಗೆ: ಕ್ಯಾನ್ಸರನ್ನು ಹೊಳೆಯಿಸುವುದು ಹೇಗೆ?

ಗ್ಲಿಯೋಮಾ ಎಂಬ ಮಿದುಳಿನ ಗಡ್ಡೆಗೆ ಬೇಲಿ ಇರುವುದಿಲ್ಲ. ಬೇರು ಬಿಟ್ಟ ಹಾಗೆ ಸುತ್ತಲಿನ ಒಳ್ಳೆಯ ಭಾಗದೊಳಕ್ಕೂ ಇಳಿದಿರುತ್ತದೆ. ಬಿಳಿ ಬೆಳಕಿನಲ್ಲಿ ಅದರ ಅಂಚೂ ಪಕ್ಕದ ಮಿದುಳೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಹಾಗಿದ್ದರೆ ಸರ್ಜನ್ ಎಲ್ಲಿ ಕೈ ನಿಲ್ಲಿಸಬೇಕು? ಗಡ್ಡೆಯೇ ಕೆಂಪಗೆ ಹೊಳೆದು ಜಾಗ ತೋರಿಸುವಂತೆ ಮಾಡುವ ಉಪಾಯವೊಂದಿದೆ. ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಸ್ವಲ್ಪ ಅಡುಗೆಮನೆಗೆ ಬನ್ನಿ.

ಹಂತ 1: ಸೊಪ್ಪು ಜಜ್ಜಿ

ನಾಲ್ಕೈದು ಪಾಲಕ್ ಎಲೆ ಹೆಚ್ಚಿ, ಜಜ್ಜಿ, ಗಾಜಿನ ಲೋಟಕ್ಕೆ ಹಾಕಿ. ಮುಳುಗುವಷ್ಟು ಸರ್ಜಿಕಲ್ ಸ್ಪಿರಿಟ್ ಸುರಿಯಿರಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆ ಹತ್ತಿರ ಬೇಡವೇ ಬೇಡ. ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ಈಗ ಕೋಣೆ ಕತ್ತಲು ಮಾಡಿ, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ. ಯಾರ ಕಣ್ಣಿಗೂ ಬೀಳದಂತೆ ಎಚ್ಚರ. ಹಚ್ಚ ಹಸಿರು ರಸ ರಕ್ತದ ಹಾಗೆ ಕೆಂಪಗೆ ಹೊಳೆಯುತ್ತದೆ!

ಎಲೆಯ ಹಸಿರಾದ ಕ್ಲೋರೋಫಿಲ್ ಜೋರು ಶಕ್ತಿಯ ಬೆಳಕನ್ನು ನುಂಗುತ್ತದೆ. ಸ್ವಲ್ಪ ಶಕ್ತಿ ಒಳಗೇ ಶಾಖವಾಗಿ ಸೋರಿಹೋಗುತ್ತದೆ. ಉಳಿದದ್ದು ಕಮ್ಮಿ ಶಕ್ತಿಯ ಕೆಂಪು ಬೆಳಕಾಗಿ ಹೊರಬರುತ್ತದೆ. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಇದಕ್ಕೆ ಫ್ಲೋರೆಸೆನ್ಸ್ ಅಂತ ಹೆಸರಿಟ್ಟರು.

ಹಂತ 2: ತೂಕ ನೋಡಿ ಕುಡಿಸುವುದು

ಇಲ್ಲಿಂದ ಮುಂದೆ ಡಾಕ್ಟರ ಕೆಲಸ. ಔಷಧಿಯ ಹೆಸರು 5-ಎಎಲ್‌ಎ. ರೋಗಿಯ ತೂಕದ ಕಿಲೋಗೆ 20 ಮಿಲಿಗ್ರಾಂ. 60 ಕಿಲೋ ಇದ್ದವರಿಗೆ 1,200 ಮಿಲಿಗ್ರಾಂ. ನೀರಲ್ಲಿ ಕದಡಿ, ಅರಿವಳಿಕೆ ಕೊಡುವ ಸುಮಾರು ಮೂರು ಗಂಟೆ ಮೊದಲು ಕುಡಿಸುತ್ತಾರೆ.

ಮಜಾ ಇರುವುದು ಇಲ್ಲೇ. ಕುಡಿಸಿದ್ದು ಬಣ್ಣವೇ ಅಲ್ಲ! 5-ಎಎಲ್‌ಎ ತಾನಾಗಿ ಹೊಳೆಯುವುದಿಲ್ಲ. ಅದು ಬರೀ ಕಚ್ಚಾ ಸಾಮಾನು. ಗಿಡ ಕ್ಲೋರೋಫಿಲ್ ಮಾಡುವುದೂ ಇದರಿಂದಲೇ, ನಮ್ಮ ದೇಹ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಮಾಡುವುದೂ ಇದರಿಂದಲೇ.

ಹಂತ 3: ಕಾಯುವುದು

ಜೀವಕೋಶ ಈ ಸಾಮಾನನ್ನು ಹಂತಹಂತವಾಗಿ ಬದಲಿಸುತ್ತಾ ಪ್ರೋಟೋಪಾರ್ಫಿರಿನ್ ಎಂಬ ಅಣುವಿಗೆ ತಂದು ನಿಲ್ಲಿಸುತ್ತದೆ. ಇದು ಕ್ಲೋರೋಫಿಲ್‌ನ ದಾಯಾದಿ, ಇದೂ ಕೆಂಪಗೆ ಹೊಳೆಯುತ್ತದೆ. ಕೊನೆಗೆ ಒಂದು ಕಿಣ್ವ ಅದರೊಳಗೆ ಕಬ್ಬಿಣ ಕೂರಿಸಿದರೆ ಹೀಮ್ ಆಯಿತು, ಹೊಳಪು ಹೋಯಿತು. ಗ್ಲಿಯೋಮಾ ಕೋಶಗಳಲ್ಲಿ ಕಬ್ಬಿಣ ಕೂರಿಸುವ ಆ ಕಿಣ್ವವೇ ಕಮ್ಮಿ. ಹೋಟೆಲಿನಲ್ಲಿ ಭಟ್ಟರು ದೋಸೆ ಹುಯ್ಯುತ್ತಲೇ ಇದ್ದಾರೆ, ಚಟ್ನಿ ಹಾಕಿ ಒಯ್ಯುವ ಸಪ್ಲೈಯರ್ ಮಾತ್ರ ನಿಧಾನ ಅಂದುಕೊಳ್ಳಿ. ದೋಸೆ ರಾಶಿ ಬೀಳುತ್ತದೆ ಅಲ್ವಾ? ಹಾಗೆ ರಾಶಿ ಬಿದ್ದ ಅಣುಗಳೇ ಹೊಳೆಯುವುದು. ಜತೆಗೆ, ರಕ್ತದಿಂದ ಮಿದುಳಿಗೆ ಕಂಡದ್ದೆಲ್ಲ ನುಗ್ಗದಂತೆ ತಡೆಯುವ ಗೋಡೆ ಗಡ್ಡೆ ಇರುವ ಕಡೆ ಮುರಿದಿರುತ್ತದೆ. ಔಷಧಿ ಅಲ್ಲಿಗೇ ಜಾಸ್ತಿ ಇಳಿಯುತ್ತದೆ.

ಹಂತ 4: ಬಿಳಿ ದೀಪ ಆರಿಸಿ, ನೀಲಿ ಹಾಕಿ

ಸರ್ಜನ್ ಮೊದಲು ಮಾಮೂಲಿ ಬೆಳಕಿನಲ್ಲೇ ಕೆಲಸ ಮಾಡುತ್ತಾರೆ. ಆಮೇಲೆ ಥಿಯೇಟರಿನ ದೀಪ ತಗ್ಗಿಸಿ, ಮೈಕ್ರೋಸ್ಕೋಪಿನಲ್ಲಿ ಸುಮಾರು 400 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕು ಹಾಕುತ್ತಾರೆ. ಒಂದು ಫಿಲ್ಟರ್ ವಾಪಸ್ ಬರುವ ನೀಲಿಯನ್ನು ಬಹುಪಾಲು ತಡೆದು, 635 ನ್ಯಾನೋಮೀಟರ್ ಆಸುಪಾಸಿನ ಕೆಂಪನ್ನು ಕಣ್ಣಿಗೆ ಬಿಡುತ್ತದೆ. ಗಟ್ಟಿ ಗಡ್ಡೆ ಕೆಂಡದಂತೆ, ಅಂಚು ತಿಳಿ ಗುಲಾಬಿ, ಒಳ್ಳೆಯ ಮಿದುಳು ನೀಲಿ. ಗಡ್ಡೆಯ ನಡುವೆ ಸತ್ತುಹೋದ ಭಾಗ ಹೊಳೆಯುವುದಿಲ್ಲ; ಸತ್ತ ಕೋಶ ಅಣು ತಯಾರಿಸುವುದು ಹೇಗೆ? ಮೇಲೆ ರಕ್ತ ಹರಡಿದ್ದರೂ ಏನೂ ಕಾಣದು, ತೊಳೆಯುತ್ತಲೇ ಇರಬೇಕು.

ಹಂತ 5: ಕತ್ತರಿಸಬೇಕೋ ಬೇಡವೋ

ಗುಲಾಬಿ ಕಂಡಿತು ಅಂತ ಸುಮ್ನೆ ಕತ್ತರಿಸುವ ಹಾಗಿಲ್ಲ. ಅದು ಮಾತಿನ ಜಾಗವೋ, ಕೈಕಾಲು ಆಡಿಸುವ ಜಾಗವೋ ಆಗಿದ್ದರೆ ಬಿಡಬೇಕಾಗುತ್ತದೆ. ಉರಿಯೂತ ಇರುವ ಕಡೆಯೂ ಒಮ್ಮೊಮ್ಮೆ ಹೊಳಪು ಕಾಣುತ್ತದೆ. ನಿಧಾನವಾಗಿ ಬೆಳೆಯುವ ಗ್ಲಿಯೋಮಾಗಳು ಬಹುಮಟ್ಟಿಗೆ ಹೊಳೆಯುವುದೇ ಇಲ್ಲ.

ಫಲ ಎಷ್ಟು? ಮಿದುಳಿನ ಸರ್ಜನ್ ವಾಲ್ಟರ್ ಸ್ಟುಮ್ಮರ್ ತಂಡ ಜರ್ಮನಿಯಲ್ಲಿ ನಡೆಸಿದ ಪರೀಕ್ಷೆಯ ವರದಿ 2006ರಲ್ಲಿ ಬಂತು. ಸ್ಕ್ಯಾನಿನಲ್ಲಿ ಎದ್ದು ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಆದದ್ದು ಬಿಳಿ ಬೆಳಕಿನಲ್ಲಿ 36% ರೋಗಿಗಳಲ್ಲಿ, 5-ಎಎಲ್‌ಎ ಜತೆ 65% ರೋಗಿಗಳಲ್ಲಿ. ಆರು ತಿಂಗಳವರೆಗೆ ರೋಗ ಮುಂದುವರಿಯದೆ ಉಳಿದವರೂ ಹೆಚ್ಚಿದರು. ಒಟ್ಟು ಆಯುಸ್ಸಿನಲ್ಲಿ ಮಾತ್ರ ಖಚಿತ ವ್ಯತ್ಯಾಸ ಸಿಗಲಿಲ್ಲ. ಯುರೋಪಿನಲ್ಲಿ 2007ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು.

ಬೇರೆ ದಾರಿಗಳೂ ಇವೆ. ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ ನೋಡಲು ರಕ್ತನಾಳಕ್ಕೆ ಕೊಡುವ ಹಳದಿ ಫ್ಲೋರೆಸೀನನ್ನೂ ಮಿದುಳಿನ ಗಡ್ಡೆಗೆ ಬಳಸುತ್ತಾರೆ. ಅದನ್ನು ಕೋಶ ತಯಾರಿಸುವುದಿಲ್ಲ, ಗೋಡೆ ಮುರಿದ ಕಡೆ ಸೋರಿ ನಿಲ್ಲುತ್ತದೆ, ಅಷ್ಟೇ.

ಹಂತ 6: ಪರದೆ ಎಳೆಯಿರಿ

ಔಷಧಿ ಕುಡಿದವರ ಚರ್ಮಕ್ಕೂ ಬೆಳಕು ತಾಗಬಾರದು, ಸುಟ್ಟ ಹಾಗೆ ಆಗಬಹುದು. ಕನಿಷ್ಠ ಒಂದು ದಿನ, ಕೆಲವೆಡೆ ಎರಡು ದಿನ ಬಿಸಿಲಿಂದಲೂ ಜೋರು ದೀಪದಿಂದಲೂ ದೂರ ಇಡುತ್ತಾರೆ. ದೇಹದಲ್ಲಿ ಹೀಮ್ ತಯಾರಿಕೆಯೇ ಕೆಟ್ಟಿರುವ ಪಾರ್ಫಿರಿಯಾ ಎಂಬ ಕಾಯಿಲೆ ಇದ್ದವರಿಗೆ ಈ ಔಷಧಿ ಕೊಡುವುದೇ ಇಲ್ಲ.

ಬೆಳಕು ಆ ಅಣುವನ್ನೂ ಕೆಡಿಸುತ್ತದೆ. ಹಾಗಾಗಿ ಸರ್ಜನ್ ನೀಲಿ ದೀಪವನ್ನು ಬೇಕಾದಾಗ ಮಾತ್ರ ಹಾಕುತ್ತಾರೆ. ಮನೆಯಲ್ಲಿ ಉಳಿದ ಪಾಲಕ್ ರಸ ಚೆಲ್ಲಿಲ್ಲ ತಾನೇ? ಎರಡು ಸಣ್ಣ ಬಾಟಲಿಗೆ ಹಾಕಿ ಮುಚ್ಚಳ ಬಿಗಿಮಾಡಿ. ಒಂದನ್ನು ಕಿಟಕಿಯ ಬೆಳಕಿಗೆ, ಇನ್ನೊಂದನ್ನು ಕಪಾಟಿನ ಕತ್ತಲಿಗೆ ಇಡಿ. ನಾಳೆ ರಾತ್ರಿ ಎರಡಕ್ಕೂ ಟಾರ್ಚ್ ಬಿಟ್ಟು ನೋಡಿ.