ಹಸಿರುಗಟ್ಟಿದ ನಮ್ಮೂರ ಕೆರೆ ತಿಳಿಯಾದ ಬಗೆ

ಹೊಸೂರಿನ ಆಚೆ ತಳಿ ಎಂಬ ಊರಿನ ಕಡೆ ಗುಲಾಬಿ, ಕೋಸು, ಕ್ಯಾಪ್ಸಿಕಂ ಜಾಸ್ತಿ. ನಮ್ಮ ಕೆರೆಗೆ ಬರುವ ಕಾಲುವೆ ಆ ತೋಟಗಳ ನಡುವೆಯೇ ಹರಿಯುತ್ತದೆ. ಕೋಡಿ ಬಿದ್ದಾಗಲೂ ಕೆರೆಯಲ್ಲಿ ಎರಡಾಳು ಆಳ ಇರುವುದಿಲ್ಲ. ಬೇಸಿಗೆ ಬಂದರೆ ನೀರೆಲ್ಲ ದಪ್ಪ ಹಸಿರು. ರಾತ್ರಿ ಪಾಚಿಯೇ ಆಮ್ಲಜನಕ ಎಳೆದುಕೊಳ್ಳುವುದರಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಔಷಧಿ ಸುರಿದು ಪಾಚಿ ಸಾಯಿಸೋಣ ಎಂದರು ಹಲವರು. ನಾನು ಒಪ್ಪಲಿಲ್ಲ. ಸತ್ತ ಪಾಚಿ ತಳದಲ್ಲೇ ಕೊಳೆತು ಮುಂದಿನ ಪಾಚಿಗೆ ಗೊಬ್ಬರ ಆಗುತ್ತದೆ, ಅಲ್ವಾ? ಪಾಚಿಗೆ ಮುಖ್ಯವಾಗಿ ಬೇಕಾದದ್ದು ರಂಜಕ. 50 ಕೆ.ಜಿ. ಡಿಎಪಿ ಗೊಬ್ಬರದ ಮೂಟೆಯಲ್ಲಿ ಅದು ಸುಮಾರು 10 ಕೆ.ಜಿ. ಇರುತ್ತದೆ. ಒಂದು ಕೆ.ಜಿ. ರಂಜಕ ಸಾಕು, ನೂರಾರು ಕೆ.ಜಿ. ಹಸಿ ಪಾಚಿ ಬೆಳೆಯುತ್ತದೆ.

ಹಾಗಾಗಿ ಮೊದಲು ಕಾಲುವೆ ಹಿಡಿದು ನಡೆದೆವು. ಕೊಟ್ಟಿಗೆಯ ಗಂಜಲದ ಮೋರಿಗಳನ್ನು ತಿಪ್ಪೆಗುಂಡಿಗೆ ತಿರುಗಿಸಿದೆವು. ಮಳೆ ಮೋಡ ಕಂಡಾಗ ಗೊಬ್ಬರ ಹಾಕಬೇಡಿ ಎಂದು ತೋಟದವರನ್ನು ಕೇಳಿಕೊಂಡೆವು. ನೀರು ಕೆರೆಗೆ ಇಳಿಯುವ ಕಡೆ ಒಂದು ಗುಂಡಿ ತೋಡಿ ಜಂಬು ಹುಲ್ಲು ಬೆಳೆಸಿದೆವು. ಮಣ್ಣು ಅಲ್ಲೇ ನಿಲ್ಲುತ್ತದೆ. ಜಂಬನ್ನು ಕೊಯ್ದು ದೂರ ಸಾಗಿಸಲೇಬೇಕು. ಅಲ್ಲೇ ಕೊಳೆತರೆ ಹೀರಿದ ರಂಜಕವೆಲ್ಲ ಮತ್ತೆ ನೀರಿಗೇ.

ಆಮೇಲೆ ಹೂಳು. ತೂಬಿನ ಹತ್ತಿರ ಒಂದು ಹಿಡಿ ಎತ್ತಿದರೆ ಕಾಡಿಗೆಯಷ್ಟು ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ಬೆರಳ ಸಂದಿಯಲ್ಲಿ ಜಾರುವ ಲೋಳೆ. ಹೊರಗಿನ ಕೊಳೆ ನಿಂತರೂ ಈ ಕೆಸರು ವರ್ಷಗಟ್ಟಲೆ ರಂಜಕ ಬಿಡುತ್ತಲೇ ಇರುತ್ತದೆ. ಕೆರೆ ಒಣಗಿದ ಬೇಸಿಗೆಯಲ್ಲಿ ಎತ್ತಿಸಿದೆವು. ಕೆರೆಗೋಡು ಅಂತ ರೈತರು ಟ್ರ್ಯಾಕ್ಟರ್ ತಂದು ರಾಗಿ ಹೊಲಗಳಿಗೆ ಹೊತ್ತೊಯ್ದರು.

ಜಗಳ ಆಗಿದ್ದು ಮೀನಿನ ವಿಷಯಕ್ಕೆ. ಸಾಮಾನ್ಯ ಗೆಂಡೆ ತಳ ಕೆದಕಿ ಕೆಸರೆಬ್ಬಿಸುತ್ತದೆ, ಹುಲ್ಲುಗೆಂಡೆ ನೀರುಗಿಡ ಮೇಯುತ್ತದೆ. ಎರಡನ್ನೂ ಬಿಡಬಾರದು ಎಂದೆವು. “ಗೆಂಡೆ ಬೇಗ ತೂಕ ಬರುತ್ತೆ ಅಣ್ಣಾ, ಅದಿಲ್ದೆ ನಂಗೇನು ಗಿಟ್ಟುತ್ತೆ?” ಎಂದ ಮೀನಿನ ಗುತ್ತಿಗೆದಾರ. ಅವನ ಮಾತೂ ನ್ಯಾಯವೇ. ಹರಾಜಿನ ಮೊತ್ತ ಇಳಿಸಿ ಒಪ್ಪಿಸಬೇಕಾಯಿತು. ನನ್ನ ಪ್ರಕಾರ ಆ ದುಡ್ಡು ಬಿಟ್ಟಿದ್ದು ಸರಿ.

ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಬಿಟ್ಟು ನೀರಿನ ತಿಳಿ ನೋಡುತ್ತೇವೆ. ಮೊದಲು ಗೇಣು ಆಳಕ್ಕೇ ಮರೆಯಾಗುತ್ತಿತ್ತು. ಈಗ ಸೊಂಟದ ಆಳದಲ್ಲೂ ಕಾಣುತ್ತದೆ. ಬೆಳಕು ತಳ ಮುಟ್ಟಿದ ಮೇಲೆ ನೀರೊಳಗಿನ ಗಿಡಗಳು ತಾವಾಗಿಯೇ ಎದ್ದಿವೆ. ಅವನ್ನು ಕಳೆ ಅಂದುಕೊಂಡು ಕೀಳಲು ಬರುವವರನ್ನು ತಡೆಯುವುದೇ ಈಗಿನ ಕೆಲಸ. ಕೆಸರನ್ನು ಹಿಡಿದಿಡುವುದು, ಪಾಚಿ ತಿನ್ನುವ ಸಣ್ಣ ಹುಳುಗಳಿಗೆ ಅಡಗಲು ಜಾಗ ಕೊಡುವುದು ಈ ಗಿಡಗಳೇ. ದನ ನೀರು ಕುಡಿಯಲು ಇಳಿಯುವ ಕಡೆ ಮಾತ್ರ ಗಿಡ ಕೀಳಿಸಿದ್ದೇವೆ.