ಬೆಂಗಳೂರಿನ ಬಿಸಿಲಲ್ಲಿ ಎವರ್‌ಗೋಲ್ಡ್ ಜೇಕು: ನನ್ನ ಅನುಭವ

"ಅದು ಊಟಿ ಗಿಡ, ಬೆಂಗಳೂರಲ್ಲಿ ಒಂದು ಬೇಸಿಗೇನೂ ದಾಟಲ್ಲ." ಹಳದಿ ಪಟ್ಟೆಯ, ಹುಲ್ಲಿನಂಥ ಎಲೆಯ ಅಲಂಕಾರಿಕ ಜೇಕು ಕೇರೆಕ್ಸ್ ಎವರ್‌ಗೋಲ್ಡ್ ಬೇಕು ಅಂದಾಗ ನರ್ಸರಿಯಲ್ಲೂ ತಾರಸಿ ತೋಟದ ಗೆಳೆಯರ ಬಳಿಯೂ ಕೇಳಿದ್ದು ಇದೇ ಮಾತು. ಈಗ ನಮ್ಮ ಮನೆಯಲ್ಲಿ ಅದು ಮೂರು ಬೇಸಿಗೆ ದಾಟಿದೆ, ಬುಡ ಒಡೆದು ಒಡೆದು ಹನ್ನೆರಡು ಹದಿಮೂರು ಕುಂಡ ಆಗಿದೆ. ಅಂದು ತಲೆಯಾಡಿಸಿದವರೇ ಇಂದು ಮರಿ ಕೇಳುತ್ತಿದ್ದಾರೆ.

ಜೇಕಿನ ಕುಟುಂಬದ್ದೇ ಆದ ಅಂಬ್ರೆಲಾ ಪಾಮ್ ಬೆಳೆಸುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ತೂತಿಲ್ಲದ ಕುಂಡ, ಕೆರೆ ಮಣ್ಣು, ಮೇಲೆ ನಾಲ್ಕು ಬೆರಳು ನೀರು, ಮುಗಿಯಿತು. ಕಾಂಡದ ತುದಿಯ ಕೊಡೆಯಂಥ ಎಲೆಗೊಂಚಲು ಕತ್ತರಿಸಿ ತಲೆಕೆಳಗಾಗಿ ನೀರಿಗೆ ಬಿಟ್ಟರೆ ಎರಡು ಮೂರು ವಾರಕ್ಕೆ ಬೇರು. ಇನ್ನೊಂದು ಜೇಕಾದ ಪಪೈರಸ್‌ಗೆ ಈ ಉಪಾಯ ನನ್ನಲ್ಲಿ ನಡೆಯಲಿಲ್ಲ, ತಲೆ ಕೊಳೆತು ಬಕೆಟ್ಟೆಲ್ಲ ನಾರಿತು. ಅದನ್ನು ಗಡ್ಡೆ ಸಮೇತ, ತುಂಡಿಗೆ ಮೂರ್ನಾಲ್ಕು ಕಾಂಡ ಉಳಿಯುವ ಹಾಗೆ ಸೀಳಿ ನೆಟ್ಟರೇ ಗ್ಯಾರಂಟಿ.

ಕಷ್ಟ ಇರುವುದು ಎವರ್‌ಗೋಲ್ಡ್‌ನಲ್ಲಿ. ಜೇಕು ಅಂದ ಕೂಡಲೇ ನಮ್ಮವರು ನೀರಿನ ತಟ್ಟೆ ಹುಡುಕುತ್ತಾರೆ. ಪಪೈರಸ್ ನೈಲ್ ನದಿಯ ಜೌಗಿನದು, ಅದಕ್ಕೆ ಸರಿ. ಎವರ್‌ಗೋಲ್ಡ್ ಜಪಾನಿನ ಕಾಡಿನ ನೆರಳಲ್ಲಿ ಬೆಳೆದ ಜಾತಿ. ಬೇರು ತಣ್ಣಗಿರಬೇಕು, ಆದರೆ ನೀರು ನಿಲ್ಲಬಾರದು. ಮೊದಲ ಸಲ ಆರು ಕುಂಡಕ್ಕೆ ಹೆಚ್ಚುಕಡಿಮೆ 2,000 ರೂಪಾಯಿ ಕೊಟ್ಟೆ. ಬಂದದ್ದು ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ. ತಟ್ಟೆಯಲ್ಲಿಟ್ಟವು ಮಳೆಗಾಲದಲ್ಲೇ ಬುಡ ಕೊಳೆತು ಹೋದವು, ಹಿಡಿದು ಎಳೆದರೆ ಗರಿಗಳು ಕೈಗೆ ಬಂದವು. ತಟ್ಟೆ ಇಲ್ಲದವು ಮಾರ್ಚ್‌ನಲ್ಲಿ ತುದಿಯಿಂದ ಕಂದಾಗುತ್ತಾ ಬಂದು ಏಪ್ರಿಲ್‌ಗೆ ಒಣಹುಲ್ಲಾದವು. ಉಳಿದದ್ದು ಒಂದೇ, ಬಾವಿಕಟ್ಟೆಯ ಪಕ್ಕ ಒದ್ದೆ ಮರಳಿನಲ್ಲಿ ಅರ್ಧ ಹೂತು ಕೂತಿದ್ದ ಮಣ್ಣಿನ ಕುಂಡದ್ದು.

ಅದನ್ನು ನೋಡಿಯೇ ಕುಂಡದೊಳಗೆ ಕುಂಡ ಇಡಲು ಶುರುಮಾಡಿದೆ. ಒಳಗೆ ಎಂಟಿಂಚಿನ ಮಣ್ಣಿನ ಕುಂಡ, ಬಣ್ಣ ಬಳಿಯದ್ದು. ಹೊರಗೆ ಹದಿನಾಲ್ಕಿಂಚಿನದು, ತೂತಿರುವುದೇ. ಒಳಕುಂಡದ ಕೆಳಗೆ ಜಲ್ಲಿ, ಸುತ್ತ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು. ಬೇಸಿಗೆಯಲ್ಲಿ ದಿನಾ ನೀರು ಹಾಕುವುದು ಮರಳಿಗೆ, ಗಿಡಕ್ಕೆ ಮೂರು ದಿನಕ್ಕೊಮ್ಮೆ. ಮರಳಿನ ತೇವ ಆರುತ್ತಾ ಒಳಗಿನ ಮಣ್ಣನ್ನು ತಂಪಾಗಿಡುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಮಣ್ಣು ಅಂದರೆ ಕೆಂಪು ಮಣ್ಣು, ಎಲೆಗೊಬ್ಬರ, ದಪ್ಪ ಮರಳು, ಅಂದಾಜು ಸಮಪಾಲು. ನಾಲ್ಕನೆಯದೊಂದು ಸೇರುತ್ತದೆ, ಅದು ನನ್ನ ಹತ್ತಿರವೇ ಇರಲಿ. ಬೆಳಗಿನ ಬಿಸಿಲು ಒಂಬತ್ತೂವರೆವರೆಗೆ, ಆಮೇಲೆ ನೆರಳು.

ನಿಜವಾದ ಪರೀಕ್ಷೆ ನಡೆದದ್ದು 2024ರಲ್ಲಿ. ಆ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತು. ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ತರಕಾರಿ, ಅಕ್ಕಿ ತೊಳೆದ ನೀರೆಲ್ಲ ಮರಳಿಗೆ ಹೋಯಿತು, ಡ್ರಮ್ಮಿನಲ್ಲಿದ್ದ ಹಳೇ ಮಳೆ ನೀರು ಗಿಡಕ್ಕೆ. ಆರ್‌ಒ ಫಿಲ್ಟರಿನ ವೇಸ್ಟ್ ನೀರನ್ನು ಒಂದು ಕುಂಡಕ್ಕೆ ಹಾಕಿ ನೋಡಿದೆ, ಹದಿನೈದು ದಿನದಲ್ಲಿ ತುದಿ ಸುಟ್ಟಿತು. ಅದೇ ನೀರು ಕುಡಿದ ಅಂಬ್ರೆಲಾಗೆ ಏನೂ ಆಗಲಿಲ್ಲ. ಆ ಬೇಸಿಗೆಯಲ್ಲಿ ಎವರ್‌ಗೋಲ್ಡ್ ಒಂದೂ ಸಾಯಲಿಲ್ಲ.

ನಡುವೆ ಬಿಳಿ ನಕ್ಷತ್ರದ ಜೇಕನ್ನೂ ತಂದೆ, ಆ ಅಮೆರಿಕದ ರಿಂಕೋಸ್ಪೋರ. ಬಿಳಿ ಗರಿಗಳಿಗೆ ಹಸಿರು ತುದಿ, ಹೂವೆಂದೇ ಎಲ್ಲರೂ ಮೋಸಹೋಗುತ್ತಾರೆ. ಒಡೆದ ಹಳೇ ವಾಷ್‌ಬೇಸಿನ್‌ಗೆ ಸಿಮೆಂಟು ಹಚ್ಚಿ, ಗಪ್ಪಿ ಮೀನು ಬಿಟ್ಟು ಬೆಳೆಸುತ್ತಿದ್ದೇನೆ. ಸೊಳ್ಳೆ ಇಲ್ಲ. ಇಡೀ ದಿನ ಬಿಸಿಲಿದ್ದಲ್ಲಿ ಚೆನ್ನಾಗಿ ಬಿಡುತ್ತದೆ, ನೆರಳಿಗಿಟ್ಟದ್ದು ಬರೀ ಹಸಿರು.

ಹೊಸ ಕುಂಡ ತಂದಾಗ ಬುಡ ಬಿಡಿಸಿ ನೋಡಲೇಬೇಕು. ನನಗೆ ಬಂದ ಎರಡರಲ್ಲಿ ಜೇಕಿನ ಕುಟುಂಬದ ಕಳೆಯಾದ ಕೊನ್ನಾರಿಯ ಗಡ್ಡೆ ಅಡಗಿತ್ತು. ಎಳೆಯದರಲ್ಲಿ ಗುರುತು ಸಿಗುವುದು ಕಷ್ಟ. ಕರಿ ಗಡ್ಡೆಯನ್ನು ಉಗುರಿನಿಂದ ಗೀರಿದರೆ ಘಮ್ಮೆನ್ನುತ್ತದೆ, ಅಷ್ಟಾದರೆ ಒಂದು ಚೂರೂ ಬಿಡದೆ ಆರಿಸಿ ಎಸೆಯಿರಿ. ಬುಡದಲ್ಲಿ ಬಿಳಿ ಹತ್ತಿಯಂತೆ ಮೀಲಿಬಗ್ ಕೀಟ ಕಂಡರೆ ಬೇವಿನೆಣ್ಣೆ ಸಾಕು, ಸಂಜೆ ಹೊತ್ತು ಮಾತ್ರ.

ಒಡೆಯುವುದು ಜೂನ್ ಎರಡನೇ ವಾರದ ನಂತರ, ಎರಡು ಮಳೆ ಬಿದ್ದ ಮೇಲೆ. ಹಳೇ ಬ್ರೆಡ್ ಚಾಕು ಒಳ್ಳೆಯದು. ತುಂಡಿಗೆ ಏಳೆಂಟು ಹಿಳ್ಳಾದರೂ ಇರಲಿ, ಅದಕ್ಕಿಂತ ಚಿಕ್ಕದು ಮಾಡಿದರೆ ವರ್ಷವಿಡೀ ಹಾಗೇ ಕೂರುತ್ತದೆ. ಎರಡು ಕುಂಡ, ಮರಳು, ಜಲ್ಲಿ ಸೇರಿ ಜೋಡಿಗೆ 250 ರೂಪಾಯಿ ಆಸುಪಾಸು ಬೀಳುತ್ತದೆ. ಕಳೆದ ಮಳೆಗಾಲ ಐದು ಮರಿ 200ರಂತೆ ಕೊಟ್ಟೆ, ಈ ಸಲ ಇನ್ನೂ ಹೆಚ್ಚು ಒಡೆಯುವವನಿದ್ದೇನೆ.